ಎಡಗಾಲಿನ ಪೆಡಲು

ಸೈಕಲ್ಲನ್ನು ಹೊಗಳಿ ಬರೆದವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಅದರ ಗಾಲಿಯನ್ನು ಕಾಲಚಕ್ರಕ್ಕೆ ಹೋಲಿಸಿದವರುಂಟು. ಅದರ ಗಂಟೆಯ ನಾದಕ್ಕೆ ಮನಸೋತವರುಂಟು. ಬಡವನ ಕುದುರೆಯೆಂದು ಬಿರುದು ಕೊಟ್ಟವರೂ ಉಂಟು. ಇಷ್ಟೆಲ್ಲ ಹೊಗಳಿಕೆಯ ನಡುವೆ ಪೆಡಲಿನ ಹೆಸರೆತ್ತಿದವರನ್ನು ಮಾತ್ರ ನಾನು ಕಾಣೆ. ಕಾಲ ಕೆಳಗಿರುವ ವಸ್ತುವಿಗೆ ಮರ್ಯಾದೆ ಕಡಿಮೆಯೆಂಬುದು ಲೋಕರೂಢಿಯೇ ಇರಬೇಕು. ಚಪ್ಪಲಿಯನ್ನಾದರೂ ಅದು ಕಳೆದುಹೋದ ದಿನ ನೆನೆಯುತ್ತೇವೆ. ಪೆಡಲು ಕಳಚಿ ಬಿದ್ದ ದಿನ ನಾವು ನೆನೆಯುವುದು ಪೆಡಲನ್ನಲ್ಲ, ಹಡೆದ ತಾಯಿಯನ್ನು.

ನಮ್ಮ ಕಾಲೇಜಿನ ಸೈಕಲ್ ಸ್ಟ್ಯಾಂಡು ಹೆಸರಿಗೆ ಮಾತ್ರ ಸೈಕಲ್ಲಿನದು. ಅಲ್ಲಿ ಈಗ ಮೋಟರ್ ಸೈಕಲ್ಲುಗಳದೇ ರಾಜ್ಯಭಾರ. ಆದರೂ ಗೋಡೆಯ ಮಗ್ಗುಲಲ್ಲಿ ಬೇವಿನ ಗಿಡದ ನೆರಳಿಗೆ ಹತ್ತು ಹನ್ನೆರಡು ಸೈಕಲ್ಲುಗಳು, ಮದುವೆಮನೆಗೆ ಬಂದ ಬಡ ನೆಂಟರಂತೆ, ಒಂದಕ್ಕೊಂದು ಒರಗಿಕೊಂಡು ನಿಂತಿರುತ್ತವೆ. ಒಂದು ದಿನ ಪಾಠವಿಲ್ಲದ ಅವಧಿಯಲ್ಲಿ ಅವುಗಳ ಪೆಡಲುಗಳನ್ನು ಮಾತ್ರ ನೋಡುತ್ತ ಹೋದೆ. ಒಂದರ ರಬ್ಬರು ಸವೆದು ಸೋಪಿನ ಚೂರಿನಂತಾಗಿತ್ತು. ಇನ್ನೊಂದರಲ್ಲಿ ರಬ್ಬರು ಒಂದೇ ಮಗ್ಗುಲಿಗೆ ಉಳಿದಿತ್ತು. ಮತ್ತೊಂದರಲ್ಲಿ ಪೆಡಲೆಂಬುದೇ ಇರಲಿಲ್ಲ. ಅದರೊಳಗಿನ ಅಚ್ಚಿನ ಕಡ್ಡಿಯೊಂದೇ ಬೋಳಾಗಿ ಹೊಳೆಯುತ್ತಿತ್ತು. ಅದರ ಒಡೆಯ ಬಿ.ಎ. ಮೊದಲನೆಯ ವರ್ಷದ ಹುಡುಗ. ಆ ಕಡ್ಡಿಯ ಮೇಲೆಯೇ ಹವಾಯಿ ಚಪ್ಪಲಿ ಊರಿ ದಿನಾಲೂ ಕ್ಯಾಂಪಿನಿಂದ ಬರುತ್ತಾನೆ.

"ಕಾಲು ಜಾರೂದಿಲ್ಲೇನೋ?" ಎಂದು ಕೇಳಿದೆ.

"ರೂಢಿ ಆಗೇತಿ, ಅಣ್ಣಾ" ಎಂದ.

ಈ 'ರೂಢಿ' ಎಂಬ ಒಂದು ಮಾತೇ ಈ ಲೇಖನಕ್ಕೆ ಕಾರಣ. ಕಾವ್ಯ, ಇತಿಹಾಸ, ಅರ್ಥಶಾಸ್ತ್ರಗಳ ಮೇಲೆ ಬರೆಯಬಲ್ಲ ಗೆಳೆಯರು ಈ ಸಂಚಿಕೆಯಲ್ಲಿ ಇದ್ದೇ ಇರುತ್ತಾರೆ. ಪೆಡಲಿನ ಪಾಲಿಗೆ ನಾನಾದರೂ ಇರಲಿ.

ಮೊದಲು ಪೆಡಲಿನ ವಂಶಾವಳಿಯನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಎಂಬಾತ ಎರಡು ಗಾಲಿಯ ಮರದ ವಾಹನವೊಂದನ್ನು ಮಾಡಿದ. ಅದಕ್ಕೆ ಪೆಡಲಿರಲಿಲ್ಲ; ಕೂತವನು ಎರಡು ಕಾಲಿನಿಂದ ನೆಲವನ್ನು ಹಿಂದಕ್ಕೆ ಒದೆಯುತ್ತ ಮುಂದೆ ಹೋಗಬೇಕು. 1860ರ ದಶಕದಲ್ಲಿ ಪ್ಯಾರಿಸ್ ನಗರದ ಮಿಶೋ ಎಂಬ ಮನೆತನದವರ ಕಾರ್ಖಾನೆಯಲ್ಲಿ ಮುಂದಿನ ಗಾಲಿಯ ಅಚ್ಚಿಗೇ ಪೆಡಲು ಸೇರಿಸಿದ ಸೈಕಲ್ಲುಗಳು ತಯಾರಾದವು. ಆಮೇಲೆ ಮುಂದಿನ ಗಾಲಿ ಆಳೆತ್ತರ ಬೆಳೆಯಿತು. ಅದರ ಮೇಲಿನಿಂದ ಜನ ತಲೆ ಕೆಳಗಾಗಿ ಬೀಳತೊಡಗಿದರು. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬಾತ ಎರಡೂ ಗಾಲಿಗಳನ್ನು ಹೆಚ್ಚುಕಡಿಮೆ ಸಮ ಮಾಡಿ, ಪೆಡಲನ್ನು ನಡುವೆ ಇಟ್ಟು, ಚೈನಿನಿಂದ ಹಿಂದಿನ ಗಾಲಿಯನ್ನು ತಿರುಗಿಸುವ 'ರೋವರ್' ಸೈಕಲ್ಲನ್ನು ಹೊರತಂದ. ನಾವು ಇಂದು ತುಳಿಯುತ್ತಿರುವುದು ಅದರ ಮೊಮ್ಮಕ್ಕಳನ್ನು. ಆ ಜಾತಿಯ ಸೈಕಲ್ಲಿಗೆ ಇಂಗ್ಲಿಷರು ಇಟ್ಟ ಹೆಸರೇ 'ಸುರಕ್ಷಿತ ಸೈಕಲ್ಲು' ಎಂದು. ಹೆಸರು ಕೇಳಿದರೆ ಅದಕ್ಕೆ ಹಿಂದಿನದು ಎಷ್ಟು ಮಂದಿಯನ್ನು ಕೆಡವಿರಬೇಕೆಂದು ಊಹಿಸಬಹುದು.

ಡ್ರೈಸನ ಕಾಲದಲ್ಲಿ ಕಾಲು ನೆಲದ ಮೇಲೆಯೇ ಇತ್ತು. ಅದು ನೆಲ ಬಿಟ್ಟು ಪೆಡಲನ್ನೇರಿದ ದಿನ ತೊಡಕು ಹುಟ್ಟಿತು. ಏರಿದ ಕಾಲು ತುಳಿಯುವಷ್ಟು ಹೊತ್ತು ಅಲ್ಲಿಯೇ ಇರಬೇಕು. ಅಪಾಯ ಬಂದ ಗಳಿಗೆಯಲ್ಲಿ ಅಲ್ಲಿಂದ ಇಳಿದು ನೆಲ ಮುಟ್ಟಬೇಕು. ಪೆಡಲು ಕಾಲನ್ನು ಹಿಡಿಯಲೂಬೇಕು, ಬಿಡಲೂಬೇಕು. ಪ್ರಪಂಚದಲ್ಲಿ ಎಷ್ಟು ಬಗೆಯ ಪೆಡಲುಗಳಿವೆಯೋ ಅಷ್ಟೂ ಈ ಎರಡು ಕೆಲಸಗಳನ್ನು ಹೇಗೆ ಹಂಚಿಕೊಂಡಿವೆ ಎಂಬುದರಲ್ಲಿಯೇ ಬೇರೆ ಬೇರೆ. ಯಾವ ಪೆಡಲಿನಿಂದ ಏನು ಅಪಾಯವೆಂದು ತಿಳಿಯಬೇಕಾದರೆ, ಅದು ಹಿಡಿಯುವುದರಲ್ಲಿ ಹೆಚ್ಚೋ ಬಿಡುವುದರಲ್ಲಿ ಹೆಚ್ಚೋ ಎಂದು ಕೇಳಿದರೆ ಸಾಕು.

ನಮ್ಮ ಶ್ರೀರಾಮನಗರದಲ್ಲಿ ಈ ಕ್ರಿಯೆಗೆ ಮೂರು ಹೆಸರುಗಳಿವೆ. ತುಂಗಭದ್ರೆಯ ನೀರು ಎಡದಂಡೆ ನಾಲೆಯಲ್ಲಿ ಹರಿದುಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ಕ್ಯಾಂಪು ಕಟ್ಟಿಕೊಂಡು ನೆಲೆಸಿದವರ ಮಕ್ಕಳು ಸೈಕಲ್ಲನ್ನು 'ತೊಕ್ಕು' ಎನ್ನುತ್ತಾರೆ. ಮೂಲ ಊರುಗಳ ನಾವು 'ಹೊಡಿ' ಎನ್ನುತ್ತೇವೆ. ಪಠ್ಯಪುಸ್ತಕ 'ತುಳಿ' ಎನ್ನುತ್ತದೆ. ಭಾಷೆ ಯಾವುದಾದರೇನು, ಎಲ್ಲರ ಕಾಲ ಕೆಳಗೂ ಇದ್ದದ್ದು ಒಂದೇ ಬಗೆಯ ಪೆಡಲು: ಕರಿಯ ಸೈಕಲ್ಲಿನ ರಬ್ಬರ್ ಪೆಡಲು. ನಡುವೆ ಉಕ್ಕಿನ ಅಚ್ಚು, ಅದರ ಎರಡು ತುದಿಗೆ ಸಣ್ಣ ಗುಂಡುಗಳ ಸಾಲು, ಮೇಲೊಂದು ಕೆಳಗೊಂದು ರಬ್ಬರಿನ ಗಟ್ಟಿ. ಹಿಡಿಯುವುದಕ್ಕಿಂತ ಬಿಡುವುದರಲ್ಲಿಯೇ ಇದರ ಔದಾರ್ಯ ಹೆಚ್ಚು. ಬರಿಗಾಲಿಗೆ ಹಿತ, ಬೀಳುವಾಗ ಕಾಲನ್ನು ಒಂದು ಕ್ಷಣವೂ ತಡೆಯುವುದಿಲ್ಲ. ಗಂಡಸರು, ಹೆಂಗಸರು, ಮುದುಕರು, ಹಾಲಿನ ಕ್ಯಾನು ಹೊತ್ತವರು, ಮೇವಿನ ಹೊರೆ ಕಟ್ಟಿದವರು, ಎಲ್ಲರಿಗೂ ಒಪ್ಪುವ ಪೆಡಲು ಇದೊಂದೇ ಎಂದು ನನ್ನ ಎಣಿಕೆ.

ಆದರೆ ನೀರು ತಾಕಿದರೆ ಇದರ ಔದಾರ್ಯ ಅತಿಯಾಗುತ್ತದೆ. ನಮ್ಮದು ಭತ್ತದ ಸೀಮೆ. ಸಸಿ ಹಚ್ಚುವ ದಿನಗಳಲ್ಲಿ ಗದ್ದೆಯಿಂದ ಮೇಲೆದ್ದು ಬಂದವರ ಕಾಲಿಗೆ ಮೊಣಕಾಲಿನವರೆಗೆ ರಾಡಿ. ಎರೆಮಣ್ಣು ಒಣಗಿದರೆ ಕಲ್ಲು, ನೆನೆದರೆ ಬೆಣ್ಣೆ. ಆ ಕಾಲನ್ನು ಹಾಗೆಯೇ ಸವೆದ ರಬ್ಬರಿನ ಮೇಲಿಟ್ಟು ಕಾಲುವೆಯ ಏರಿಯನ್ನು ಹತ್ತುವುದೆಂದರೆ ಎಣ್ಣೆ ಹಚ್ಚಿದ ಕಂಬ ಹತ್ತಿದ ಹಾಗೆ. ನಮ್ಮ ಕಡೆಯ ಹಿರಿಯರು ಕಾಲುವೆಯಲ್ಲಿ ಕಾಲು ತೊಳೆದು, ಅಂಗಾಲನ್ನು ಗರಿಕೆಯ ಮೇಲೆ ಎರಡು ಸಲ ಉಜ್ಜಿ, ಗೋಣಿಯ ತುಂಡಿನಿಂದ ಪೆಡಲನ್ನೂ ಒರೆಸಿ ಆಮೇಲೆ ಹತ್ತುತ್ತಾರೆ. ಇದನ್ನು ನೋಡಿ ನಗುವ ಹುಡುಗರನ್ನು ನಾನು ಬಲ್ಲೆ. ನಗಬೇಕಾದ್ದೇನೂ ಅದರಲ್ಲಿಲ್ಲ.

ಕಾಲನ್ನು ಪೆಡಲಿನ ಮೇಲೆ ಎಲ್ಲಿ ಇಡಬೇಕೆಂಬುದನ್ನೂ ಹೇಳಬೇಕು. ನಮ್ಮಲ್ಲಿ ಅರ್ಧಕ್ಕರ್ಧ ಜನ ಅಂಗಾಲಿನ ನಡುಗುಳಿಯಿಂದ ತುಳಿಯುತ್ತಾರೆ. ಹೆಬ್ಬೆರಳಿನ ಬುಡದಲ್ಲಿ ದಪ್ಪನೆಯ ಭಾಗವೊಂದಿದೆಯಲ್ಲ, ಅದು ಸರಿಯಾಗಿ ಅಚ್ಚಿನ ಮೇಲೆ ಬರಬೇಕು. ಆಗ ಕಣಕಾಲು ಮೃದುವಾಗಿ ಆಡುತ್ತದೆ, ಪಾದ ಹಿಂದಕ್ಕೂ ಮುಂದಕ್ಕೂ ಜಾರದು, ಮೊಣಕಾಲಿಗೂ ಆಯಾಸ ಕಡಿಮೆ. ಹವಾಯಿ ಚಪ್ಪಲಿ ಈ ಮಟ್ಟಿಗೆ ಒಳ್ಳೆಯ ಗೆಳೆಯನಲ್ಲ. ಹಿಮ್ಮಡಿಯ ಕಡೆ ಜೋಲಾಡುತ್ತಿರುತ್ತದೆ, ನೆನೆದರೆ ಪಾದಕ್ಕೂ ಚಪ್ಪಲಿಗೂ ನಡುವೆಯೇ ಜಾರಿಕೆ ಆರಂಭವಾಗುತ್ತದೆ. ಹಿಂದೆ ಪಟ್ಟಿ ಇರುವ ಚಪ್ಪಲಿ ಮೇಲು. ರಬ್ಬರು ಪೂರ್ತಿ ಇದ್ದರೆ ಬರಿಗಾಲೂ ಆದೀತು. ರಬ್ಬರು ಹೋಗಿ ತಗಡಿನ ಅಂಚು ಹೊರಬಿದ್ದ ಪೆಡಲಿಗೆ ಬರಿಗಾಲು ಕೊಡುವುದು ಕುಡಗೋಲಿಗೆ ಕೊಟ್ಟಂತೆ.

ಇನ್ನು ಬೋಳು ಕಡ್ಡಿ. ಅದು ಹಿಡಿಯುವುದೂ ಇಲ್ಲ, ಬಿಡುವುದೂ ಇಲ್ಲ. ಕಾಲು ಹೊರಗೆ ಜಾರದಂತೆ ತಡೆಯಲು ಅದಕ್ಕೆ ಅಂಚಿಲ್ಲ. ಜಾರಿದ ಕಾಲಿನ ಮುಂದೆಲುಬಿಗೆ ಬಡಿಯಲು ಮಾತ್ರ ಅದು ಸದಾ ಸಿದ್ಧ. ಪೇಟೆಗೆ ಹೋಗಿ ಒಂದು ಸಿನಿಮಾ ನೋಡಿ ಬರುವ ಖರ್ಚಿನೊಳಗೆ ಒಂದು ಜೊತೆ ಸಾಧಾರಣ ಪೆಡಲು ಬರುತ್ತದೆ. ಮೊದಲನೆಯ ವರ್ಷದ ಆ ಗೆಳೆಯನಿಗೆ ಇದನ್ನು ಹೇಳಿದ್ದೇನೆ. ಸಿನಿಮಾ ಯಾವುದೆಂದು ಕೇಳಿದ.

ಒಳಪೆಡಲಿನ ಮಾತನ್ನು ಬಿಟ್ಟರೆ ನಮ್ಮ ಊರಿನ ಮಕ್ಕಳು ನನ್ನನ್ನು ಕ್ಷಮಿಸಲಾರರು. ಸೀಟು ಎಟುಕದ ಮಗು ದೊಡ್ಡವರ ಸೈಕಲ್ಲಿನ ಮುಕ್ಕೋಣದೊಳಗೆ ಬಲಗಾಲು ತೂರಿಸಿ, ಮೈಯನ್ನೆಲ್ಲ ಎಡಕ್ಕೆ ಬಾಗಿಸಿ, ಅರ್ಧರ್ಧ ಸುತ್ತು ತುಳಿಯುತ್ತ ಹೋಗುವ ವಿದ್ಯೆ ಅದು. ಬಾರಿಲ್ಲದ ಸಣ್ಣ ಸೈಕಲ್ಲುಗಳು ಬಂದ ಮೇಲೆ ಈ ವಿದ್ಯೆ ಕಡಿಮೆಯಾಗಿದೆ, ಆದರೆ ಅಳಿದಿಲ್ಲ. ಅದನ್ನು ಬೇಡವೆನ್ನುವ ಧೈರ್ಯ ನನಗಿಲ್ಲ; ನಮ್ಮ ಓಣಿಯಲ್ಲಿ ಸೈಕಲ್ ಬಲ್ಲವರೆಲ್ಲ ಹಾಗೆ ಕಲಿತವರೇ. ಚೈನಿನ ಮೇಲೆ ಕವರು ಇರಲಿ, ಬಲಪೆಡಲಿನ ರಬ್ಬರು ಪೂರ್ತಿ ಇರಲಿ, ಲಂಗವಾಗಲಿ ಪೈಜಾಮವಾಗಲಿ ಕಣಕಾಲಿನ ಮೇಲೆ ಕಟ್ಟಿರಲಿ. ಇಷ್ಟಿದ್ದರೆ ಮಗು ಬಿದ್ದರೂ ಎದ್ದೀತು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನನ್ನ ಸೋದರಮಾವನವರದು ಸೈಕಲ್ ರಿಪೇರಿಯ ಅಂಗಡಿ. ಅಂಗಡಿಯೆಂದರೆ ನಾಲ್ಕು ಗಳ, ಮೇಲೆ ತಗಡು, ಒಂದು ಗಾಳಿ ಪಂಪು, ಪಂಕ್ಚರ್ ನೋಡಲು ಒಂದು ಬೋಗುಣಿ ನೀರು. ಹೈಸ್ಕೂಲಿನ ರಜೆಯಲ್ಲೆಲ್ಲ ನಾನು ಅಲ್ಲಿ ಪಾನಾ ಎತ್ತಿಕೊಡುತ್ತ ಕೂತಿರುತ್ತಿದ್ದೆ. ಅಲ್ಲಿ ಮಾವ ನನಗೆ ಹೇಳಿದ ಮೊದಲನೆಯ ಪಾಠ ಎಡಗಾಲಿನ ಪೆಡಲಿನದು.

"ಬಲಕ್ಕ ತಿರುವಿದ್ರ ಬಿಗಿ, ಎಡಕ್ಕ ತಿರುವಿದ್ರ ಸಡ್ಲ. ನಟ್ಟು, ಬೋಲ್ಟು, ನಳ, ಬಾಟ್ಲಿ ಮುಚ್ಚಳ, ಎಲ್ಲಾಕೂ ಇದ ನ್ಯಾಯ ಹೌದಿಲ್ಲೋ? ಎಡಗಾಲ ಪೈಡ್ಲು ಈ ನ್ಯಾಯಕ್ಕ ಬಗ್ಗೂದಿಲ್ಲ ನೋಡು, ಅಳಿಯಾ. ಅದನ್ನ ಬಲಕ್ಕ ತಿರುವಿದ್ರ ಬಿಚ್ಚಿ ಕೈಗೆ ಬರತೈತಿ."

ಬಲಪೆಡಲಿನ ತಿರುಪಿನ ಸುತ್ತು, ಮೆಕ್ಯಾನಿಕರ ಮಾತಿನಲ್ಲಿ ಥ್ರೆಡ್ಡು, ಎಲ್ಲ ಬೋಲ್ಟುಗಳಂತೆಯೇ ಇರುತ್ತದೆ. ಎಡಪೆಡಲಿನದು ಅದಕ್ಕೆ ಸರಿಯಾಗಿ ಉಲ್ಟಾ. ಇದು ಯಾರದೋ ಚೇಷ್ಟೆಯಲ್ಲ. ಪೆಡಲಿನ ಅಚ್ಚು ಕ್ರ್ಯಾಂಕಿನ ತೂತಿನಲ್ಲಿ ಎಷ್ಟೇ ಬಿಗಿಯಾಗಿ ಕೂತಿದ್ದರೂ ಕೂದಲೆಳೆಯಷ್ಟು ಸಡಿಲ ಉಳಿದೇ ಇರುತ್ತದೆ. ನಾವು ತುಳಿಯುವ ಭಾರ ಸುತ್ತುಸುತ್ತಿಗೂ ತೂತಿನ ಒಳಗೋಡೆಯ ಬೇರೆ ಬೇರೆ ಕಡೆಗೆ ಬೀಳುತ್ತ ಹೋಗುವುದರಿಂದ, ಅಚ್ಚು ಆ ಗೋಡೆಯನ್ನು ಸವರುತ್ತ ತುಸುತುಸುವೇ ಹೊರಳುತ್ತದೆ. ನಂಬಿಕೆ ಬಾರದವರು ಎಡಗೈಯ ಹೆಬ್ಬೆರಳು ತೋರುಬೆರಳುಗಳನ್ನು ಬಳೆಯಂತೆ ಸೇರಿಸಿ, ಅದರೊಳಗೆ ಒಂದು ಪೆನ್ಸಿಲನ್ನು ಸಡಿಲವಾಗಿ ಇಟ್ಟು, ಬಲಗೈಯಿಂದ ಅದನ್ನು ಬಳೆಯ ಒಳಗೋಡೆಗೆ ಒತ್ತುತ್ತ ಸುತ್ತಲೂ ಹೊರಳಿಸಿ ನೋಡಲಿ. ಪೆನ್ಸಿಲು ಯಾವ ದಿಕ್ಕಿಗೆ ಸುತ್ತು ಹೊಡೆಯುತ್ತದೆಯೋ ಅದರ ವಿರುದ್ಧ ದಿಕ್ಕಿಗೆ ತನ್ನ ಮೈಯನ್ನು ತಿರುಗಿಸಿಕೊಳ್ಳುತ್ತದೆ. ಈ ಹೊರಳಾಟ ಬಲಪೆಡಲನ್ನು ತಾನಾಗಿಯೇ ಬಿಗಿ ಮಾಡುತ್ತದೆ. ಎಡಗಡೆ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾದ್ದರಿಂದ, ಅಲ್ಲಿಯೂ ಸಾದಾ ಥ್ರೆಡ್ಡೇ ಇದ್ದಿದ್ದರೆ ನಾವು ತುಳಿತುಳಿದಂತೆ ಪೆಡಲು ಬಿಚ್ಚಿಕೊಳ್ಳುತ್ತಿತ್ತು.

ಈ ಉಪಾಯದ ಕೀರ್ತಿಯನ್ನು ಸಾಮಾನ್ಯವಾಗಿ ರೈಟ್ ಸಹೋದರರಿಗೆ ಕೊಡುತ್ತಾರೆ. 1903ರಲ್ಲಿ ವಿಮಾನ ಹಾರಿಸಿದ ಅವರೇ. ಅದಕ್ಕೆ ಮೂರು ವರ್ಷ ಮೊದಲು, 1900ರಲ್ಲಿ, ಅಮೆರಿಕದ ಡೇಟನ್ ಊರಿನ ತಮ್ಮ ಸೈಕಲ್ ಅಂಗಡಿಯಿಂದ, ಬಿಚ್ಚಿಹೋಗದ ಪೆಡಲು ತಮ್ಮದೆಂದು ಅವರು ಪ್ರಚಾರ ಮಾಡಿದ್ದರು. ಇದನ್ನು ಮಾವನಿಗೆ ಹೇಳಿದಾಗ ಅವರಿಗೆ ವಿಮಾನದ ಸುದ್ದಿಯಿಂದ ಆಶ್ಚರ್ಯವಾಗಲಿಲ್ಲ. "ಪೈಡ್ಲು ತಿಳದಾವಗ ವಿಮಾನ ಏನ್ ದೊಡ್ಡದು?" ಎಂದರು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದು ನನಗೆ ಬಹಳ ಹಿಡಿಸಿದ್ದು. ಪೆಡಲಿನೊಳಗಿನ ಗುಂಡುಗಳಿಗೆ ಗ್ರೀಸು ಕಾಣಿಸದೆ ಅವು ತುಕ್ಕು ಹಿಡಿದು ಅಚ್ಚನ್ನು ಕಚ್ಚಿಕೊಂಡವೆನ್ನಿ. ಆಗ ಅಚ್ಚು ಪೆಡಲಿನ ಜೊತೆಗೇ ತಿರುಗಬೇಕಾಗುತ್ತದೆ. ಹಾಗೆ ತಿರುಗುವುದು ಎರಡೂ ಬದಿಯಲ್ಲಿ ಬಿಚ್ಚುವ ದಿಕ್ಕಿಗೆ. ಎಂದರೆ, ಕಚ್ಚಿಕೊಂಡ ಪೆಡಲು ಕಾಲನ್ನು ತಿರುಚುವ ಬದಲು ತಾನೇ ಕಳಚಿಕೊಂಡು ಹೋಗುತ್ತದೆ. ಕಾಲಿನ ದೃಷ್ಟಿಯಿಂದ ಒಳ್ಳೆಯದೇ. ಆದರೆ ಹೆದ್ದಾರಿಯ ನಡುವೆ ಅದು ಕಳಚುವುದನ್ನು ಯಾರೂ ಬಯಸರು. ಆದ್ದರಿಂದ ಪೆಡಲು ಕಿರುಗುಟ್ಟತೊಡಗಿದರೆ ಅದನ್ನು ಹಾಡೆಂದು ಭಾವಿಸದೆ ಅಂಗಡಿಗೆ ಒಯ್ಯಬೇಕು.

ಎಡಪೆಡಲನ್ನೇ ಇಷ್ಟು ಎತ್ತಿ ಆಡುವುದಕ್ಕೆ ಕಾರಣವಿದೆ. ನಾವೆಲ್ಲ ಸೈಕಲ್ಲು ಹತ್ತುವುದು ಎಡಗಡೆಯಿಂದ. ಎಡಗಾಲನ್ನು ಪೆಡಲಿನ ಮೇಲಿಟ್ಟು, ಬಲಗಾಲಿನಿಂದ ನೆಲವನ್ನು ಎರಡು ಮೂರು ಸಲ ಒದ್ದು, ಮೈಭಾರವನ್ನೆಲ್ಲ ಆ ಒಂದೇ ಪೆಡಲಿನ ಮೇಲೆ ಹೊರಿಸಿ ಆಚೆಗೆ ಕಾಲು ಹಾಕುತ್ತೇವೆ. ಸೀಟಿನ ಮೇಲೆ ಕೂತು ತುಳಿಯುವಾಗ ಭಾರ ಹಂಚಿಹೋಗುತ್ತದೆ. ಹತ್ತುವಾಗ ಮಾತ್ರ ಇಡೀ ಮನುಷ್ಯ, ಹೆಗಲ ಚೀಲದ ಸಮೇತ, ಎಡಪೆಡಲಿನ ಅಂಗುಲದೊಳಗಿನ ಥ್ರೆಡ್ಡಿಗೆ ಜೋತುಬಿದ್ದಿರುತ್ತಾನೆ.

ನಮ್ಮ ಓಣಿಯ ಹುಡುಗಿಯೊಬ್ಬಳು ಬಿದ್ದದ್ದು ಹಾಗೆ ಹತ್ತುವಾಗಲೇ. ಆಗ ಅವಳು ಒಂಬತ್ತನೆಯ ತರಗತಿ. ಸರಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ರಾಜ್ಯ ಸರಕಾರದ ಯೋಜನೆ 2006-07ರಲ್ಲಿ ಆರಂಭವಾಯಿತು. 2020ರಲ್ಲಿ ಕೋವಿಡ್ ಬಂದಾಗ ವಿತರಣೆ ನಿಂತಿತು. 2018ರಲ್ಲಿ ನನಗೆ ಬಂದ ವರ್ಷವೇ ಅವಳಿಗೂ ಬಂದಿತ್ತು. ಅವಳ ಮನೆಯಲ್ಲಿ ಅವಳಿಗಿಂತ ಮೊದಲು ಯಾವ ಹೆಣ್ಣುಮಗಳೂ ಏಳನೆಯ ತರಗತಿ ದಾಟಿದವಳಲ್ಲ. ಶಾಲೆ ನಾಲ್ಕು ಕಿಲೋಮೀಟರು. ಬಸ್ಸಿನ ಹೊತ್ತಿಗೂ ಶಾಲೆಯ ಹೊತ್ತಿಗೂ ಹೊಂದಿಕೆಯಿಲ್ಲ. ಆ ಸೈಕಲ್ಲೇ ಅವಳ ಹೈಸ್ಕೂಲು ಎಂದರೆ ಅತಿಶಯವಲ್ಲ. ಒಂದು ವರ್ಷದ ಮೇಲೆ ಎಡಪೆಡಲು ಮುರಿಯಿತು. ಅವಳ ತಂದೆ ಬೇರೆ ಊರಿನ ಸಂತೆಯಲ್ಲಿ ಯಾರಿಂದಲೋ ಹೊಸದು ಹಾಕಿಸಿಕೊಂಡು ಬಂದರು. ಹಾಕಿದವನು ಎಡ ಬಲ ನೋಡದೆ, ಬಲಗಾಲಿನ ಪೆಡಲನ್ನೇ ಎಡಗಡೆಯ ತೂತಿಗೆ ಪಾನಾ ಹಚ್ಚಿ ಬಲವಂತವಾಗಿ ತಿರುವಿದ್ದ. ಮೊದಲನೆಯ ಸುತ್ತಿನಲ್ಲಿಯೇ ಅದು ಒಲ್ಲೆನೆಂದಿರಬೇಕು; ಆದರೆ ತೋಳಿನ ಬಲದ ಮುಂದೆ ಥ್ರೆಡ್ಡಿನ ಮಾತು ಯಾರು ಕೇಳುತ್ತಾರೆ? ನೋಡುವುದಕ್ಕೆ ಪೆಡಲು ನೆಟ್ಟಗೇ ಕೂತಿತ್ತು. ಎರಡನೆಯ ದಿನ ಕಾಲುವೆಯ ಏರಿಯ ಮೇಲೆ ಅವಳು ಹತ್ತುತ್ತಿರುವಾಗ ಕಿತ್ತುಕೊಂಡು ಬಂತು. ನೀರಿನ ಕಡೆಗೆ ಬೀಳಲಿಲ್ಲ, ರಸ್ತೆಯ ಕಡೆಗೆ ಬಿದ್ದಳು. ಕ್ರ್ಯಾಂಕಿನ ತುದಿ ಮುಂಗಾಲಿಗೆ ಇಳಿದು ಏಳು ಹೊಲಿಗೆ ಬಿದ್ದವು.

ಗಾಯ ಮೂರು ವಾರದಲ್ಲಿ ಮಾಯಿತು. ಆದರೆ ಮನೆಯವರು ಇನ್ನು ಸೈಕಲ್ಲು ಬೇಡವೆಂದರು. ಸೈಕಲ್ಲು ಬೇಡವೆಂದರೆ ಶಾಲೆ ಬೇಡವೆಂದೇ ಅರ್ಥ. ಅಜ್ಜಿಗಂತೂ ಮೊದಲಿನಿಂದಲೂ ಹುಡುಗಿ ಸೈಕಲ್ಲು ಹೊಡೆಯುವುದು ಮನಸ್ಸಿಗೆ ಬಂದಿರಲಿಲ್ಲ. ಬಿದ್ದದ್ದು ಒಂದು ನೆವವಾಯಿತು. ಎರಡು ತಿಂಗಳು ಅವಳು ಮನೆಯಲ್ಲಿಯೇ ಉಳಿದಳು. ಒಂದು ಭಾನುವಾರ ಮಾವ ತಾವಾಗಿಯೇ ಅವರ ಮನೆಗೆ ಹೋಗಿ ಸೈಕಲ್ಲನ್ನು ತಳ್ಳಿಕೊಂಡು ಬಂದು, ಹಾಳಾದ ಕ್ರ್ಯಾಂಕು ತೆಗೆದು ಬೇರೆ ಹಾಕಿ, ಪೆಡಲಿನ ಅಚ್ಚಿಗೆ ಗ್ರೀಸು ಸವರಿ ಕೂಡಿಸಿದರು. ಆಮೇಲೆ ಅವಳ ತಂದೆಯನ್ನು ಕರೆಸಿ ಆ ಎಡಪೆಡಲೊಂದರ ಮೇಲೆ ಅವರನ್ನೇ ನಿಲ್ಲಿಸಿದರು. ಅವರು ಎಪ್ಪತ್ತೈದು ಕಿಲೋ ತೂಗುವ ಆಳು. ಹಿಂದಿನ ಕ್ಯಾರಿಯರು ಹಿಡಿದುಕೊಂಡು ನಾನು ಸಾಕ್ಷಿಯಾಗಿದ್ದೆ. ಪೆಡಲು ಮಿಸುಕಲಿಲ್ಲ. ಮರುದಿನ ಸೋಮವಾರ ಹುಡುಗಿ ಶಾಲೆಗೆ ಹೋದಳು. ಎಸ್.ಎಸ್.ಎಲ್.ಸಿ. ಮುಗಿಸಿದಳು, ಈಗ ಓದು ಮುಂದುವರಿಸಿದ್ದಾಳೆ. ಯಾರ ಯಾರ ವಿದ್ಯೆ ಯಾವ ಯಾವ ತಿರುಪಿನ ಮೇಲೆ ನಿಂತಿರುತ್ತದೆಯೋ ಹೇಳಬರುವುದಿಲ್ಲ.

ಪೆಡಲು ಕೂಡಿಸುವ ಕ್ರ‍ಮ ಕಷ್ಟದ್ದಲ್ಲ. ಅಚ್ಚಿನ ತುದಿಯಲ್ಲಿ ಎಡದ್ದಕ್ಕೆ 'ಎಲ್', ಬಲದ್ದಕ್ಕೆ 'ಆರ್' ಎಂಬ ಇಂಗ್ಲಿಷ್ ಅಕ್ಷರ ಕೆತ್ತಿರುತ್ತದೆ. ಮೊದಲು ಅದನ್ನು ನೋಡಿಕೊಳ್ಳಬೇಕು. ಗ್ರೀಸು ಸವರಿ, ಪಾನಾ ಮುಟ್ಟದೆ, ಬರಿ ಬೆರಳಿನಿಂದಲೇ ಮೂರು ನಾಲ್ಕು ಸುತ್ತು ತಿರುವಬೇಕು. ಬೆರಳಿಗೆ ಹೋಗದ್ದು ಪಾನಾಕ್ಕೂ ಹೋಗಬಾರದು. ಕೊನೆಯ ಬಿಗಿತಕ್ಕೆ ಸಾಮಾನ್ಯವಾಗಿ 15ನೆಯ ನಂಬರಿನ ಪಾನಾ. ಎಡ ಬಲದ ಗೊಂದಲಕ್ಕೆ ಮಾವನವರ ಸೂತ್ರ ಒಂದೇ: ಅಚ್ಚಿನ ಮೇಲೆ ನೆಟ್ಟಗೆ ನಿಲ್ಲಿಸಿದ ಪಾನಾವನ್ನು ಮುಂದಿನ ಗಾಲಿಯ ಕಡೆಗೆ ಎಳೆದರೆ ಎರಡೂ ಪೆಡಲು ಬಿಗಿ, ಹಿಂದಿನ ಗಾಲಿಯ ಕಡೆಗೆ ಎಳೆದರೆ ಎರಡೂ ಸಡಿಲ. ದೊಡ್ಡವರ ಸೈಕಲ್ಲಿನ ಪೆಡಲಿನ ಅಚ್ಚು ಅಂಗುಲದ 9/16 ಭಾಗ ದಪ್ಪ. ಒಂದೇ ಸರಳನ್ನು ಬಗ್ಗಿಸಿ ಮಾಡಿದ ಕ್ರ್ಯಾಂಕಿರುವ ಸಣ್ಣ ಮಕ್ಕಳ ಸೈಕಲ್ಲಿನದು ಅರ್ಧ ಅಂಗುಲ. ಒಂದನ್ನು ಇನ್ನೊಂದಕ್ಕೆ ಹೊಂದಿಸಹೋಗಬಾರದು. ಹೊಸ ಪೆಡಲು ಹಾಕಿದ ಒಂದು ವಾರಕ್ಕೆ ಇನ್ನೊಮ್ಮೆ ಬಿಗಿ ನೋಡಬೇಕು.

ಕರಿಯ ಸೈಕಲ್ಲುಗಳಲ್ಲಿ ಕ್ರ್ಯಾಂಕನ್ನು ಹಿಡಿದಿರುವ ಕಾಟರ್ ಪಿನ್ನೂ ಹೀಗೆಯೇ ಮೋಸ ಮಾಡುವಂಥದು. ಅದು ಸವೆದರೆ ಪ್ರತಿ ಸುತ್ತಿಗೂ ಪೆಡಲು 'ಟಕ್' ಎಂದು ಒಂದಿಷ್ಟು ಕುಸಿಯುತ್ತದೆ. ಕುಸಿದ ಪೆಡಲಿನಿಂದ ಕಾಲು ಜಾರುವುದಕ್ಕೆ ಬಹಳ ಹೊತ್ತು ಬೇಡ. ದೋಷ ಪೆಡಲಿನದೆಂದು ಪೆಡಲನ್ನೇ ಮೂರು ಸಲ ಬದಲಿಸಿದವರನ್ನು ಅಂಗಡಿಯಲ್ಲಿ ಕಂಡಿದ್ದೇನೆ.

ಗೇರಿನ ಸೈಕಲ್ಲುಗಳ ಜೊತೆಗೆ ಬಂದ ಪ್ಲಾಸ್ಟಿಕ್ ಪೆಡಲು ಹಗುರ, ಅಗ್ಗ. ಬಿಸಿಲಿಗೆ ಬಿರಿಯುತ್ತದೆ, ಮಳೆಗೆ ಜಾರುತ್ತದೆ. ಹಲ್ಲುಗಳಿರುವ ಲೋಹದ ಪೆಡಲು ಇನ್ನೊಂದು ಬಗೆ. ಬೂಟಿನ ತಳವನ್ನು ಚೆನ್ನಾಗಿ ಕಚ್ಚುತ್ತದೆ, ರಾಡಿಯಲ್ಲೂ ಬಿಡದು. ಆದರೆ ಜಾರಿದರೆ ಅದೇ ಹಲ್ಲು ಮುಂಗಾಲಿನ ಮೇಲೆ ಗರಗಸವಾಡಿಸುತ್ತದೆ. ಅದಕ್ಕೆ ಗಟ್ಟಿ ತಳದ ಬೂಟು ಬೇಕೇ ಬೇಕು. ಚಪ್ಪಲಿಯವರಿಗೆ ಅದು ಹೇಳಿದ್ದಲ್ಲ.

ಹಿಡಿಯುವ ಪೆಡಲಿನ ಪರಾಕಾಷ್ಠೆಯನ್ನು ನಾನು ಕಂಡದ್ದು ಹೋದ ಚಳಿಗಾಲದಲ್ಲಿ. ಬೆಂಗಳೂರಿನಿಂದ ಹೊರಟು ಆನೆಗೊಂದಿ, ಹಂಪಿಗಳ ಕಡೆಗೆ ಹೊರಟಿದ್ದ ಇಬ್ಬರು ಸೈಕಲ್ ಯಾತ್ರಿಕರು ನಮ್ಮೂರಿನ ಚಹದಂಗಡಿಯ ಮುಂದೆ ನಿಂತರು. ನಿಂತರು ಎನ್ನುವುದು ಒಬ್ಬರ ಮಟ್ಟಿಗೆ ನಿಜ. ಎರಡನೆಯವರು ಅಡ್ಡ ಬಂದ ನಾಯಿಗಾಗಿ ಥಟ್ಟನೆ ಬ್ರೇಕು ಹಾಕಿದರು, ಸೈಕಲ್ಲು ನಿಂತಿತು, ಆದರೆ ಕಾಲು ಕೆಳಗೆ ಬರಲಿಲ್ಲ. ಕಡಿದ ಮರದಂತೆ ಸೈಕಲ್ಲಿನ ಸಮೇತ ನಿಧಾನವಾಗಿ ಮಗ್ಗುಲಿಗೆ ಒರಗಿದರು. ಪೆಟ್ಟೇನೂ ಆಗಲಿಲ್ಲ. ಎತ್ತಲು ಹೋದವರು ನೋಡುತ್ತಾರೆ, ಬೂಟು ಪೆಡಲಿಗೇ ಅಂಟಿಕೊಂಡಿದೆ! "ಕಾಲು ಕಟಗೊಂಡು ಯಾರರ ಸೈಕಲ್ ಹೊಡೀತಾರೇನ್ರಿ?" ಎಂದು ಚಹದಂಗಡಿಯ ಅಜ್ಜನವರು ಕೇಳಿದ ಪ್ರಶ್ನೆಗೆ ಬಹಳ ಹೊತ್ತು ಯಾರೂ ಉತ್ತರ ಕೊಡಲಿಲ್ಲ.

ಉತ್ತರವನ್ನು ಆಮೇಲೆ ಅವರೇ ಬೂಟು ಬಿಚ್ಚಿ ತೋರಿಸಿದರು. ಪಂದ್ಯದ ಸವಾರರಿಗೆ ಪೆಡಲನ್ನು ಕೆಳಗೆ ಒತ್ತುವಾಗ ಮಾತ್ರವಲ್ಲ, ಮೇಲೆ ಬರುವಾಗಲೂ ಕಾಲು ಅದರಿಂದ ಬೇರೆಯಾಗಬಾರದು. ಹಿಂದೆ ಅದಕ್ಕಾಗಿ ಪೆಡಲಿನ ಮೇಲೆ ಲೋಹದ ಪಂಜರವೊಂದಿಟ್ಟು ಕಾಲನ್ನು ಚರ್ಮದ ಪಟ್ಟಿಯಿಂದ ಬಿಗಿಯುತ್ತಿದ್ದರು. ಬಿಡಿಸಿಕೊಳ್ಳಬೇಕಾದರೆ ಕೈ ಬಗ್ಗಿಸಿ ಪಟ್ಟಿ ಸಡಿಲಿಸಬೇಕು. 1984ರಲ್ಲಿ, ಹಿಮದ ಮೇಲೆ ಜಾರುವವರ ಬೂಟಿನ ಹಿಡಿಕೆಗಳನ್ನು ಮಾಡುತ್ತಿದ್ದ ಲುಕ್ ಎಂಬ ಫ್ರೆಂಚ್ ಕಂಪನಿ ಅದೇ ಯುಕ್ತಿಯನ್ನು ಪೆಡಲಿಗೆ ತಂದಿತು. ಬೂಟಿನ ತಳದಲ್ಲೊಂದು ಬಿಲ್ಲೆ. ಅದನ್ನು ಪೆಡಲಿನ ಮೇಲೆ ಒತ್ತಿದರೆ ಸ್ಪ್ರಿಂಗು ಕಚ್ಚಿಕೊಳ್ಳುತ್ತದೆ, ಹಿಮ್ಮಡಿಯನ್ನು ಹೊರಕ್ಕೆ ತಿರುವಿದರೆ ಬಿಡುತ್ತದೆ. 1985ರಲ್ಲಿ ಬರ್ನಾರ್ ಇನೋ ಎಂಬ ಫ್ರೆಂಚ್ ಸವಾರ ಈ ಪೆಡಲಿನಿಂದಲೇ ಟೂರ್ ದ ಫ್ರಾನ್ಸ್ ಪಂದ್ಯವನ್ನು ಗೆದ್ದ ಮೇಲೆ ಲೋಕವೆಲ್ಲ ಅದನ್ನು ನಂಬಿತು. 1990ರಲ್ಲಿ ಜಪಾನಿನ ಶಿಮಾನೋ ಕಂಪನಿ ಬೂಟಿನ ತಳದೊಳಗೆ ಹುದುಗುವ ಸಣ್ಣ ಬಿಲ್ಲೆಯ ಪೆಡಲನ್ನು ತಂದಿತು. ಆ ಬೂಟಿನಲ್ಲಿ ಚಹದಂಗಡಿಯವರೆಗೆ ನಡೆಯಲೂ ಬರುತ್ತದೆ. ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿರುವ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ನಮ್ಮವರೇ ಆದ ಸೈಕಲ್ ಪಟುಗಳಿಗೂ ಇಂಥ ಪೆಡಲುಗಳು ಕಾಲಿನ ಭಾಗವೇ ಆಗಿಬಿಟ್ಟಿರುತ್ತವೆ.

ಅಭ್ಯಾಸವಿಲ್ಲದವರು ಬೀಳುವುದು ವೇಗದಲ್ಲಲ್ಲ, ನಿಲ್ಲುವಾಗ. ಏಕೆಂದರೆ ಹೆದರಿದ ಕಾಲು ಸಹಜವಾಗಿ ಮೇಲಕ್ಕೆ ಎಳೆಯುತ್ತದೆ, ಹಿಮ್ಮಡಿ ತಿರುವುವುದಿಲ್ಲ. ಮೊದಲು ಗೋಡೆ ಹಿಡಿದುಕೊಂಡು ನೂರು ಸಲ ಕಚ್ಚಿಸಿ ಬಿಡಿಸಿ ರೂಢಿ ಮಾಡಬೇಕೆಂದೂ, ಸ್ಪ್ರಿಂಗಿನ ತಿರುಪನ್ನು ಮೊದಮೊದಲು ಅತ್ಯಂತ ಸಡಿಲವಾಗಿಡಬೇಕೆಂದೂ, ನಿಲ್ಲುವ ಜಾಗಕ್ಕೆ ಹತ್ತು ಮಾರು ಮೊದಲೇ ಒಂದು ಕಾಲು ಬಿಡಿಸಿರಬೇಕೆಂದೂ ಆ ಬಿದ್ದವರೇ ನಗುತ್ತ ಹೇಳಿದರು. ಆ ಕಾಲು ಎಡಗಾಲಾಗಿರುವುದು ಮೇಲೆಂದು ನಾನು ಸೇರಿಸುತ್ತೇನೆ: ನಮ್ಮ ದೇಶದಲ್ಲಿ ರಸ್ತೆಯ ಅಂಚು ಎಡಕ್ಕೆ, ಲಾರಿ ಬಲಕ್ಕೆ. ನಮ್ಮ ಎರೆಮಣ್ಣು ಬೂಟಿನ ಬಿಲ್ಲೆಯಲ್ಲಿ ತುಂಬಿಕೊಂಡರೆ ಕಚ್ಚುವುದೂ ಇಲ್ಲ, ಕಚ್ಚಿದ್ದು ಬಿಡುವುದೂ ಇಲ್ಲ. ಕಾಲೇಜಿಗೂ ಗದ್ದೆಗೂ ಹೋಗುವ ನಮಗೆ ಈ ಪೆಡಲಿನ ಅವಶ್ಯಕತೆ ನನಗಂತೂ ಕಾಣದು. ಅಜ್ಜನವರ ಪ್ರಶ್ನೆ ನಮ್ಮ ಮಟ್ಟಿಗೆ ಸರಿಯಾದದ್ದೇ.

ಪೆಡಲು ಯಾವುದಾದರೂ ಸವಾರನ ಕಡೆಯಿಂದ ಆಗಬೇಕಾದ್ದು ಸ್ವಲ್ಪವಿದೆ. ತಿರುವಿನಲ್ಲಿ ಸೈಕಲ್ಲು ಯಾವ ಕಡೆಗೆ ಬಾಗುತ್ತದೆಯೋ ಆ ಕಡೆಯ ಪೆಡಲು ಮೇಲಿರಬೇಕು, ಇಲ್ಲವಾದರೆ ಅದು ನೆಲಕ್ಕೆ ತಾಗಿ ಹಿಂದಿನ ಗಾಲಿಯನ್ನು ಎತ್ತಿ ಒಗೆಯುತ್ತದೆ. ರೋಡ್ ಹಂಪು ಬಂದಾಗ ಎರಡೂ ಪೆಡಲು ನೆಲಕ್ಕೆ ಸಮನಾಗಿರಲಿ. ಪಂದ್ಯದ ಟ್ರ್ಯಾಕಿನ ಸೈಕಲ್ಲುಗಳಲ್ಲಿ ಗಾಲಿ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತಲೇ ಇರುವುದರಿಂದ ಈ ಸೌಕರ್ಯಗಳಿಲ್ಲ. ಅಂಥ ಸೈಕಲ್ಲನ್ನು ರಸ್ತೆಗೆ ತರುವ ಶೋಕಿ ನಮ್ಮ ಕಡೆ ಬಾರದಿರಲಿ.

ಉಳಿದದ್ದು ರಾತ್ರಿಯ ಮಾತು. ಸುಗ್ಗಿಯ ಕಾಲದಲ್ಲಿ ಗಂಗಾವತಿಯ ರಸ್ತೆಯಲ್ಲಿ ಕತ್ತಲಾದ ಮೇಲೆ ಭತ್ತದ ಲಾರಿಗಳು, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರಿನ ಟ್ರೇಲರುಗಳು ಎಡೆಬಿಡದೆ ಓಡುತ್ತವೆ. ಹೊಸ ಪೆಡಲಿನ ಮುಂದೆಯೂ ಹಿಂದೆಯೂ ಹಳದಿ ಬಣ್ಣದ ಒಂದೊಂದು ಬಿಲ್ಲೆ ಇರುತ್ತದೆ. ಬೆಳಕು ಬಿದ್ದರೆ ಅದನ್ನು ಬಂದ ಕಡೆಗೇ ತಿರುಗಿಸಿ ಕಳಿಸುತ್ತದೆ. ಮಡ್‌ಗಾರ್ಡಿನ ಕೆಂಪು ಬಿಲ್ಲೆ ಕಂಡರೆ ಲಾರಿಯವನಿಗೆ ಅದು ಮೈಲಿಗಲ್ಲೋ ನಿಂತ ಬಂಡಿಯೋ ತಿಳಿಯದು. ಆದರೆ ಎರಡು ಹಳದಿ ಚುಕ್ಕಿಗಳು ಒಂದು ಮೇಲೆ ಒಂದು ಕೆಳಗೆ ಆಡತೊಡಗಿದರೆ, ಅವು ಮನುಷ್ಯನ ಕಾಲುಗಳೆಂದು ಕಣ್ಣು ತಕ್ಷಣ ಗುರುತಿಸುತ್ತದೆ. ನಮ್ಮ ಹುಡುಗರು ಮೊದಲು ಕಿತ್ತು ಬಿಸಾಡುವುದು, ಇಲ್ಲವೆ ರಾಡಿ ಮೆತ್ತಿ ಮರೆಯುವುದು, ಅವನ್ನೇ.

ಮಾವ ಈಗ ಗುಜರಿಗೆ ಹೋಗುವ ಹಳೆಯ ಪೆಡಲುಗಳಿಂದ ಈ ಬಿಲ್ಲೆಗಳನ್ನು ಬಿಚ್ಚಿ, ಸೀಮೆಎಣ್ಣೆಯಿಂದಲ್ಲ, ಸೋಪಿನ ನೀರಿನಿಂದ ತೊಳೆದು, ಒಂದು ಗಾಜಿನ ಬಾಟಲಿಯಲ್ಲಿ ಹಾಕಿ ಇಡುತ್ತಾರೆ. ಬಾಟಲಿ ಮುಕ್ಕಾಲು ತುಂಬಿದೆ. ಕೇಳಿದವರಿಗೆ ದುಡ್ಡು ತೆಗೆದುಕೊಳ್ಳದೆ ಕೂಡಿಸಿಕೊಡುತ್ತಾರೆ. ಕೂಡಿಸುವಾಗ ಎಡಪೆಡಲನ್ನು ಒಮ್ಮೆ ಅಲುಗಾಡಿಸಿ ನೋಡುವುದೂ ಅದರಲ್ಲಿಯೇ ಸೇರಿದೆ. ಬೇಕಾದ ಗೆಳೆಯರು ಸಂಜೆ ಏಳರೊಳಗೆ ಬರಬಹುದು. ಮಂಗಳವಾರ ಅಂಗಡಿಗೆ ರಜೆ.